ಕಂಪನಿ ಡಬ್ಬಿಯಲ್ಲಿ ಬಂದ ತಂತಿ

ಫೆಬ್ರವರಿ 4

ಮಾನ್ಯರೇ,

ನಿಮ್ಮ ಅಂಗಡಿಯ ವಿಳಾಸ ಸಿಕ್ಕಿದ್ದು ಒಂದು ಹಳೆಯ ರಟ್ಟಿನ ಡಬ್ಬಿಯ ಮೇಲೆ. ಹನ್ನೊಂದು ವರ್ಷದ ಹಿಂದೆ ನನ್ನ ತಂದೆ ತಮ್ಮ ಕಾರಿಗೆ ನಿಮ್ಮಿಂದ ಅಂಚೆಯಲ್ಲಿ ಆ್ಯಕ್ಸಿಲರೇಟರ್ ಕೇಬಲ್ ತರಿಸಿಕೊಂಡಿದ್ದರು. ಕೇಬಲ್ ಕಾರಿಗೆ ಹೋಯಿತು, ಡಬ್ಬಿ ಬೀರುವಿಗೆ ಹೋಯಿತು. ಅವರು ಸರ್ವೇ ಇಲಾಖೆಯಲ್ಲಿ ನಿವೃತ್ತರಾದವರು, ದಾರದ ತುಂಡನ್ನೂ ಅಳತೆ ಬರೆದು ಎತ್ತಿಡುತ್ತಾರೆ.

ಈಗ ಆ ಕಾರಿಗೆ ನಾಲ್ಕೂ ಕೇಬಲ್ ಬೇಕಾಗಿವೆ: ಆ್ಯಕ್ಸಿಲರೇಟರ್, ಕ್ಲಚ್, ಚೋಕ್, ಹ್ಯಾಂಡ್‌ಬ್ರೇಕ್. ನಾಲ್ಕೂ ಒರಿಜಿನಲ್ ಆಗಿರಬೇಕು, ಕಂಪನಿಯ ಡಬ್ಬಿಯಲ್ಲೇ ಬರಬೇಕು. ಸ್ಥಳೀಯವಾಗಿ ತಯಾರಾದದ್ದು ಎಷ್ಟೇ ಚೆನ್ನಾಗಿದ್ದರೂ ಬೇಡ. ಕಾರು ನಲವತ್ತು ವರ್ಷ ಹಳೆಯದು, ಕೆನೆ ಬಣ್ಣ, ಒಬ್ಬರೇ ಮಾಲೀಕರು. ಭಾಗಗಳ ಸಂಖ್ಯೆಯನ್ನು ಹಿಂಬದಿಯಲ್ಲಿ ಬರೆದಿದ್ದೇನೆ.

ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಯಾರೋ "ಜೋರಾಗಿ ಹೇಳಿ, ಜೋರಾಗಿ ಹೇಳಿ" ಎಂದು ಕೂಗಿದರು. ನಾನು ನನ್ನ ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ ಮೇಲೆ "ಇಲ್ಲಿ ಅಂಥೋರು ಯಾರೂ ಇಲ್ಲ" ಎಂದು ಇಟ್ಟುಬಿಟ್ಟರು. ಆದ್ದರಿಂದ ಈ ಪತ್ರ. ಬೇಗ ಉತ್ತರಿಸಿದರೆ ಉಪಕಾರ.

ಇಂತಿ,
ಮೇಲೆ ಅಚ್ಚಾಗಿರುವ ಕನ್ನಡಕದ ಅಂಗಡಿಯವಳು


ಫೆಬ್ರವರಿ 11

ಕನ್ನಡಕದ ಅಂಗಡಿಯ ತಾಯಿಯವರಿಗೆ ನಮಸ್ಕಾರ.

ಫೋನಿನಲ್ಲಿ ಕೂಗಿದವನು ನಾನೇ, ಬೇಜಾರು ಮಾಡಿಕೊಳ್ಳಬೇಡಿ. ನಲವತ್ತೈದು ವರ್ಷ ಸುತ್ತಿಗೆಯ ಪಕ್ಕದಲ್ಲಿ ಕೂತು ಎರಡು ಕಿವಿಯೂ ರಜೆ ಹಾಕಿವೆ. ನೀವು ಏನೋ ಒಂದು ಹೆಸರು ಹೇಳಿದಿರಿ, ನನಗೆ ಅದು ಯಾವುದೋ ಡಾಕ್ಟರ ಹೆಸರಿನಂತೆ ಕೇಳಿಸಿತು. "ಒಂದು ಗಿರಾಕಿ ಬಂದ್ರೆ ಅದನ್ನೂ ಓಡಿಸ್ತೀರಿ" ಎಂದು ನಮ್ಮ ಮನೆಯವಳು ಬೈದಳು. ಪತ್ರವೇ ಒಳ್ಳೆಯದು, ಕಾಗದ ಪಿಸುಗುಟ್ಟುವುದಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ತಂತಿ ಮೇಸ್ತ್ರಿ ಎನ್ನುತ್ತಾರೆ, ನೀವೂ ಹಾಗೇ ಅನ್ನಬಹುದು.

ಈಗ ವ್ಯವಹಾರಕ್ಕೆ ಬರೋಣ. ತಾಯಿ, ನೀವು ಕೇಳಿದ ಕಂಪನಿ ಮಾಲು ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಈಗ ಸಿಗುವುದೆಲ್ಲ ಯಾವುದೋ ಗೋದಾಮಿನ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದು. ಡಬ್ಬಿ ತೆಗೆದರೆ ಫಳಫಳ ಹೊಳೆಯುತ್ತದೆ. ಒಳಗೆ ಗ್ರೀಸ್ ಒಣಗಿ ಅಂಟಾಗಿರುತ್ತದೆ, ಕೆಲವಕ್ಕೆ ತುಕ್ಕೂ ಹಿಡಿದಿರುತ್ತದೆ. ಒರಿಜಿನಲ್ ಅನ್ನುವ ಮುದ್ರೆ ನೋಡಿ ಜನ ಮುಗಿಬೀಳುತ್ತಾರೆ, ಕಾರಿಗೆ ಓದಲು ಬರುವುದಿಲ್ಲ. ನಾನು ಕೈಯಲ್ಲಿ ಮಾಡುವ ಕೇಬಲ್ಲಿನ ಒಳಗೆ ಜಾರುವ ನೈಲಾನ್ ನಳಿಕೆ ಇರುತ್ತದೆ, ಎಣ್ಣೆಯ ಗೊಡವೆಯೇ ಇಲ್ಲ. ಅದನ್ನು ಹಾಕಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬಲವಂತವಿಲ್ಲ.

ನಿಮ್ಮ ಕಾರಿನ ಕಂಪನಿ ಕೇಬಲ್ ಒಂದೇ ಒಂದು ಸೆಟ್ ನನ್ನ ಬಳಿ ಇದೆ. ಅಳತೆ ನೋಡಲು ಮಾದರಿಗೆಂದು ಇಟ್ಟುಕೊಂಡಿದ್ದು. ಅದನ್ನು ಯಾರಿಗೂ ಮಾರಿಲ್ಲ.

ಏನೇ ಆಗಲಿ, ಹಳೆಯ ನಾಲ್ಕನ್ನೂ ಬಿಚ್ಚಿಸಿ ಕಳಿಸಿ. ಜೊತೆಗೆ ಎಲ್ಲರಿಗೂ ಕೇಳುವ ಮೂರು ಪ್ರಶ್ನೆ: ಕಾರು ಓಡಿಸುವವರು ಯಾರು? ಅವರ ಕಾಲಿಗೆ ಕ್ಲಚ್ ಭಾರವಾಗುತ್ತದೆಯೇ? ಕಾಲು ತೆಗೆದ ತಕ್ಷಣ ಆ್ಯಕ್ಸಿಲರೇಟರ್ ವಾಪಸ್ ಬರುತ್ತದೆಯೇ?

ನಿಮ್ಮ ತಂದೆಯವರನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಗಾಡಿ, ಎಷ್ಟು ತಂತಿ.

ನಿಮ್ಮ,
ತಂತಿ ಮೇಸ್ತ್ರಿ


ಫೆಬ್ರವರಿ 19

ಮೇಸ್ತ್ರಿಯವರೇ,

ನಿಮ್ಮ ಸಲಹೆಗೆ ಧನ್ಯವಾದ. ಆದರೂ ನನಗೆ ಒರಿಜಿನಲ್ಲೇ ಬೇಕು. ಕಾರಣ ನನ್ನ ಸ್ವಂತದ್ದು. ಆ ಮಾದರಿ ಸೆಟ್ಟನ್ನು ನನಗೆ ಕೊಡಿ, ಅಳತೆಯನ್ನು ನೀವು ಬರೆದಿಟ್ಟುಕೊಳ್ಳಬಹುದಲ್ಲ.

ನಾಲ್ಕು ಹಳೆಯ ಕೇಬಲ್‌ಗಳನ್ನು ಈ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೇನೆ. ಹನ್ನೊಂದು ವರ್ಷದ ಹಿಂದಿನ ಆ ಡಬ್ಬಿಯನ್ನೂ ಇಟ್ಟಿದ್ದೇನೆ, ಸಂಖ್ಯೆ ತಾಳೆ ನೋಡಲು ಅನುಕೂಲವಾದೀತೆಂದು. ಕೇಬಲ್ ಬಿಚ್ಚಿಸಿದ್ದು ಸರ್ವಿಸ್‌ಗೆ ಎಂದು ಅಪ್ಪನಿಗೆ ಹೇಳಿದೆ. ನಿಮ್ಮ ಅಂಗಡಿಯ ಹೆಸರು ಕೇಳಿದ್ದೇ ಅವರ ಮುಖ ಅರಳಿತು. "ಆ ಮನುಷ್ಯನ ಹತ್ರ ತರಿಸ್ತಿದ್ದೀಯಾ? ಒಳ್ಳೇದಾಯ್ತು. ಅವತ್ತು ಒರಿಜಿನಲ್ ಇದ್ರೆ ಕಳಿಸಿ, ಇಲ್ದಿದ್ರೆ ಇಲ್ಲ ಅನ್ನಿ ಅಂತ ಬರೆದಿದ್ದೆ. ಹತ್ತೇ ದಿನಕ್ಕೆ ಒರಿಜಿನಲ್ ಕಳಿಸಿದ್ರು. ಮಾತಿನ ಮನುಷ್ಯ" ಎಂದರು. ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿ ಬಹಳ ದಿನವಾಗಿತ್ತು.

ನಿಮ್ಮ ಪ್ರಶ್ನೆಗಳಿಗೆ: ಕಾರನ್ನು ಈಗ ಯಾರೂ ಓಡಿಸುತ್ತಿಲ್ಲ. ಹಾಗಾಗಿ ಮಿಕ್ಕ ಎರಡಕ್ಕೆ ಉತ್ತರ ಬೇಕಾಗಲಿಕ್ಕಿಲ್ಲ.

ಈ ತಿಂಗಳೊಳಗೆ ಕಳಿಸಿದರೆ ಅನುಕೂಲ.

ಇಂತಿ,
ಕನ್ನಡಕದ ಅಂಗಡಿಯವಳು


ಮಾರ್ಚ್ 14

ಮೇಸ್ತ್ರಿಯವರೇ,

ಪಾರ್ಸೆಲ್ ನಿಮಗೆ ತಲುಪಿದೆ, ಅಂಚೆಯವರು ನಿಮ್ಮ ಸಹಿಯ ರಸೀದಿ ತೋರಿಸಿದರು. ಅದಾಗಿ ಇಪ್ಪತ್ತು ದಿನ. ನಿಮ್ಮಿಂದ ಒಂದು ಸಾಲೂ ಇಲ್ಲ.

ಹರಟೆ ಹೊಡೆಯುವಾಗ ಎರಡು ಪುಟ ಬರೆದವರು ಕೆಲಸದ ಮಾತು ಬಂದಾಗ ಬಾಯಿಗೆ ಬೀಗ ಹಾಕಿಕೊಂಡರೆ ನಾನು ಏನೆಂದು ತಿಳಿಯಲಿ? ಒರಿಜಿನಲ್ ಸೆಟ್ ಇದೆ ಎಂದಿರಿ. ಅದಕ್ಕೆ ನನಗಿಂತ ಗಟ್ಟಿ ಗಿರಾಕಿ ಯಾರಾದರೂ ಸಿಕ್ಕರೋ? ಅಥವಾ ಇದೆ ಎಂದಿದ್ದೇ ಬರೀ ಬಾಯಿಮಾತೋ?

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಾರನ್ನು ಮಾರುತ್ತಿದ್ದೇವೆ. ಹಳೆಯ ಕಾರುಗಳನ್ನು ಕೂಡಿಹಾಕುವ ಒಬ್ಬರು ಬಂದು ನೋಡಿ ಹೋಗಿದ್ದಾರೆ. ಎಲ್ಲವೂ ಕಂಪನಿಯದ್ದೇ ಇರಬೇಕು ಎಂಬುದು ಅವರ ಷರತ್ತು. ಏಪ್ರಿಲ್ ಮೊದಲ ವಾರ ಗಾಡಿ ಒಯ್ಯುತ್ತಾರೆ. ಇದು ನನಗೆ ಮತ್ತು ಬೇರೆ ಊರಿನಲ್ಲಿರುವ ನನ್ನ ಅಣ್ಣನಿಗೆ ಮಾತ್ರ ಗೊತ್ತು. ಅಪ್ಪನಿಗೆ ಇನ್ನೂ ಹೇಳಿಲ್ಲ. ಅವರು ದಿನವೂ ಷೆಡ್ಡಿಗೆ ಹೋಗಿ ಬಾನೆಟ್ ಒರೆಸಿ ಬರುತ್ತಾರೆ.

ಇದೆಯೋ ಇಲ್ಲವೋ, ಎರಡರಲ್ಲಿ ಒಂದು ಬರೆಯಿರಿ. ಇಲ್ಲವಾದರೆ ನನ್ನ ಹಳೆಯವನ್ನಾದರೂ ಹಿಂದಕ್ಕೆ ಕಳಿಸಿ.

ಕನ್ನಡಕದ ಅಂಗಡಿಯವಳು


ಮಾರ್ಚ್ 20

ತಾಯಿಯವರಿಗೆ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಮೈ ಹುಷಾರಿರಲಿಲ್ಲ, ಅದಕ್ಕೆ ತಡವಾಯಿತು.

ಒರಿಜಿನಲ್ ಸೆಟ್ ಇದೆ. ಅದು ನಿಮಗೇ. ಬೇರೆ ಯಾರಿಗೂ ಅಲ್ಲ. ನಿಮ್ಮ ಹಳೆಯವು ಮಾತ್ರ ಕೆಲವು ದಿನ ಇಲ್ಲೇ ಇರಲಿ.

ಒಂದು ಬೇಡಿಕೆ. ಕಾರನ್ನು ಈಗಲೇ ಕೊಡಬೇಡಿ. ಒಂದು ಪ್ರಶ್ನೆಯೂ ಇದೆ, ದಯವಿಟ್ಟು ಇದ್ದದ್ದನ್ನು ಇದ್ದಹಾಗೆ ಬರೆಯಿರಿ. ಕಳೆದ ಒಂದೆರಡು ವರ್ಷದಲ್ಲಿ ಆ್ಯಕ್ಸಿಲರೇಟರ್ ಯಾವಾಗಲಾದರೂ ಸಿಕ್ಕಿಹಾಕಿಕೊಂಡಿತ್ತೇ? ಅದರಿಂದ ಏನಾದರೂ ಆಯಿತೇ? ಯಾರಿಗಾದರೂ ಏಟಾಯಿತೇ?

ತಂತಿ ಮೇಸ್ತ್ರಿ


ಮಾರ್ಚ್ 27

ಮೇಸ್ತ್ರಿಯವರೇ,

ನಿಮ್ಮ ಆರೋಗ್ಯ ಸರಿಯಿಲ್ಲವೆಂದು ತಿಳಿಯದೆ ಏನೇನೋ ಬರೆದುಬಿಟ್ಟೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನೀವು ಕೇಳಿದ್ದನ್ನು ಹೊರಗಿನವರ ಹತ್ತಿರ ಆಡಿದ್ದೇ ಇಲ್ಲ. ಹೋದ ಜುಲೈನಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಅಪ್ಪ ಬ್ಯಾಂಕಿನಿಂದ ಮನೆಗೆ ಬರುತ್ತಿದ್ದರು. ನಮ್ಮದು ಕಿರಿದಾದ ಬೀದಿ. ಗೇಟಿನ ಹತ್ತಿರ ನಿಲ್ಲಬೇಕಾದ ಕಾರು ನಿಲ್ಲದೆ ಎದುರು ಮನೆಯ ಕಾಂಪೌಂಡಿಗೆ ಗುದ್ದಿತು. ಆ ಗೋಡೆಗೆ ಎದುರು ಮನೆ ಟೀಚರ ಮಗಳ ಪುಟ್ಟ ಸೈಕಲ್ ಒರಗಿಸಿತ್ತು. ಸೈಕಲ್ ಅಪ್ಪಚ್ಚಿಯಾಯಿತು. ಮಗು ಅರೆಗಳಿಗೆಯ ಹಿಂದೆ ನೀರು ಕುಡಿಯಲು ಒಳಗೆ ಹೋಗಿತ್ತು.

ಅಪ್ಪನಿಗೆ ಹಣೆಯ ಮೇಲೆ ಸಣ್ಣ ಗಾಯ, ಅಷ್ಟೇ. ಕಾರಿನಿಂದ ಇಳಿದು ಹೇಳಿದ ಮೊದಲ ಮಾತು, "ನಾನು ಕಾಲು ತೆಗೆದೆ. ಬ್ರೇಕೂ ತುಳಿದೆ. ಗಾಡಿ ನೂಕ್ತಾನೇ ಇತ್ತು, ಕೀಲಿ ತಿರುಗಿಸೋ ಹೊತ್ತಿಗೆ ಗೋಡೆ ಬಂತು." ಮೆಕ್ಯಾನಿಕ್ ಬಂದು ಆ್ಯಕ್ಸಿಲರೇಟರನ್ನು ಹತ್ತು ಸಲ ತುಳಿದು ನೋಡಿದ. ಹತ್ತು ಸಲವೂ ಟಕ್ಕೆಂದು ವಾಪಸ್ ಬಂತು. "ಎಪ್ಪತ್ತಾರು ವರ್ಷ ಅಲ್ವಾ ಮೇಡಂ, ಬ್ರೇಕ್ ಅಂದ್ಕೊಂಡು ಇದನ್ನ ತುಳಿದಿರ್ತಾರೆ" ಎಂದ. ಅಣ್ಣನೂ ಅದನ್ನೇ ಹೇಳಿದ. ನಾನು ಅವರ ಕಣ್ಣು ಮೂರು ಸಲ ಪರೀಕ್ಷೆ ಮಾಡಿದೆ. ಕೊನೆಯ ಸಾಲಿನ ಅಕ್ಷರವನ್ನೂ ಓದಿದರು. ಕಣ್ಣು ಸರಿಯಿದ್ದರೆ ತಪ್ಪು ಕಾಲಿನದ್ದೇ ಇರಬೇಕು ಎಂದುಕೊಂಡೆ. ಕಾರಿನ ಕೀಲಿಯನ್ನು ತೆಗೆದು ನನ್ನ ಅಂಗಡಿಯ ಡ್ರಾಯರಿನಲ್ಲಿಟ್ಟೆ.

ಅಪ್ಪ ಜಗಳವಾಡಲಿಲ್ಲ. ಅಣ್ಣನಿಗೆ ಒಂದು ಸಲ, ನನಗೆ ಒಂದು ಸಲ, ಟೀಚರಿಗೆ ಒಂದು ಸಲ "ನಾನು ಕಾಲು ತೆಗೆದೆ" ಎಂದರು. ಆಮೇಲೆ ಆ ಮಾತನ್ನೇ ಬಿಟ್ಟರು. ಮಾತನ್ನೇ ಹೆಚ್ಚುಕಡಿಮೆ ಬಿಟ್ಟರು. ಹೊಸ ಸೈಕಲ್ ತಂದುಕೊಟ್ಟೆವು, ಟೀಚರ್ ತೆಗೆದುಕೊಂಡರು. ಆದರೆ ಅಪ್ಪ ಬೀದಿಗೆ ಇಳಿದರೆ ಇವತ್ತಿಗೂ ಮಗುವನ್ನು ಒಳಗೆ ಕರೆಯುತ್ತಾರೆ. ಅಪ್ಪ ಅದನ್ನು ನೋಡುತ್ತಾರೆ. ಅದಕ್ಕೇ ಬೀದಿಗೆ ಇಳಿಯುವುದೇ ಕಡಿಮೆಯಾಗಿದೆ.

ಕಾರು ಕಣ್ಣೆದುರಿಗೆ ಇಲ್ಲದಿದ್ದರೆ ಅವರಿಗೂ ಮರೆಯುತ್ತದೆ ಎಂದುಕೊಂಡು ಮಾರಲು ಹೊರಟೆವು. ಒಯ್ಯುವವರಿಗೆ ಎರಡು ವಾರ ತಡೆಯಿರಿ ಎಂದಿದ್ದೇನೆ. ನೀವು ಇದನ್ನೆಲ್ಲ ಯಾಕೆ ಕೇಳಿದಿರಿ?

ಇಂತಿ,
ಕನ್ನಡಕದವಳು


ಏಪ್ರಿಲ್ 2

ಅಮ್ಮಾ,

ಈ ಪತ್ರವನ್ನು ಕೂತು ಓದಿ. ಓದಿದ ಮೇಲೆ ನಿಮ್ಮ ತಂದೆಯವರ ಕೈಗೆ ಕೊಡಿ.

ನಿಮ್ಮ ತಂದೆಯವರ ಕಾಲು ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ನನ್ನ ಕೈ.

ನನಗೆ ಮೈ ಹುಷಾರಿಲ್ಲ ಎಂದಿದ್ದು ಸುಳ್ಳು. ಫೆಬ್ರವರಿಯಲ್ಲಿ ನಿಮ್ಮ ಪಾರ್ಸೆಲ್ ಬಂದ ದಿನವೇ ಆ್ಯಕ್ಸಿಲರೇಟರ್ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳತಂತಿ ಎಂದರೆ ಹತ್ತೊಂಬತ್ತು ಉಕ್ಕಿನ ಎಳೆ ಹೊಸೆದ ಹಗ್ಗ. ಅದರ ತುದಿಗೆ ಒಂದು ಪುಟ್ಟ ಹಿತ್ತಾಳೆ ಗುಂಡು ಬೆಸೆದಿರುತ್ತದೆ. ಆ ಗುಂಡಿನ ಪಕ್ಕದಲ್ಲಿ ಒಂದು ಎಳೆ ತುಂಡಾಗಿ ಸೆಟೆದು ನಿಂತಿದೆ. ಹೊರಕವಚದ ಬಾಯಿಯ ಒಳಗೆ ಅದೇ ಎಳೆ ಗೀಚಿದ ಗೆರೆ ಇದೆ. ತುಳಿದಾಗ ಎಳೆ ಕವಚದೊಳಗೆ ಹೋಗಿದೆ, ಕಾಲು ತೆಗೆದಾಗ ಗಾಳದಂತೆ ಒಳಗೇ ಸಿಕ್ಕಿಕೊಂಡಿದೆ. ಗಾಡಿ ಗುದ್ದಿದ ರಭಸಕ್ಕೆ ಕಳಚಿಕೊಂಡಿರಬೇಕು, ಅದಕ್ಕೇ ಮೆಕ್ಯಾನಿಕ್ ತುಳಿದಾಗ ಸರಿಯಿತ್ತು. ಅವನದೇನೂ ತಪ್ಪಿಲ್ಲ, ಬಿಚ್ಚದೆ ಇದು ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ಅವತ್ತೇ ಬರೆದು ಅಂಚೆಗೆ ಹಾಕುತ್ತಿದ್ದೆ. ಆ ಗುಂಡಿನ ಮೇಲೆ ಎರಡು ಚುಕ್ಕೆ ಇವೆ. ಕಂಪನಿಯವರು ಚುಕ್ಕೆ ಹಾಕುವುದಿಲ್ಲ. ಅದನ್ನು ಹಾಕುವವನು ನಾನು. ನನ್ನ ಕೈಕೆಲಸ ಎಂದು ಗುರುತು ಸಿಗಲಿ ಎಂಬ ಜಂಬಕ್ಕೆ ಹಾಕುತ್ತಿದ್ದೆ.

ಡಬ್ಬಿ ನೋಡಿದ ಮೇಲೆ ಎಲ್ಲ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ನಿಮ್ಮ ತಂದೆ ಕೇಬಲ್ಲಿನ ಚಿತ್ರ ಬರೆದು, ಅಳತೆ ಹಾಕಿ, "ಒರಿಜಿನಲ್ ಇದ್ದರೆ ಮಾತ್ರ" ಎಂದು ಕೆಳಗೆ ಗೆರೆ ಎಳೆದು ಕಳಿಸಿದ್ದರು. ನನಗೆ ಮೈ ಉರಿಯಿತು. ನನ್ನ ಕೇಬಲ್ ಕಂಪನಿಯದಕ್ಕೆ ಏನು ಕಡಿಮೆ? ಎಲ್ಲರೂ ಡಬ್ಬಿಯನ್ನೇ ಕೊಳ್ಳುತ್ತಾರೆ, ಹಾಗಾದರೆ ಡಬ್ಬಿಯನ್ನೇ ಕೊಡೋಣ ಎಂದುಕೊಂಡೆ. ಮಾದರಿಗೆ ಇಟ್ಟಿದ್ದ ಒಂದನ್ನು ಕೊಡಲೂ ಮನಸ್ಸಾಗಲಿಲ್ಲ. ಕಂಪನಿಯ ಖಾಲಿ ಡಬ್ಬಿಗೆ ನನ್ನ ಕೇಬಲ್ ಹಾಕಿ ಕಳಿಸಿದೆ. ಆ ವರ್ಷ ಹೀಗೆ ಮೂವರಿಗೆ ಕಳಿಸಿದೆ. ಮೂವರೂ ಒರಿಜಿನಲ್ ಎಂದು ಹೊಗಳಿ ಬರೆದರು. ನಾನು ಒಬ್ಬನೇ ಕೂತು ನಕ್ಕೆ.

ಆಗ ನನಗೊಂದು ಚಟವಿತ್ತು. ಗುಂಡನ್ನು ಬೆಸುಗೆಗೆ ಒಂದು ಸಲ ಅದ್ದಿದರೆ ಸಾಕು, ನಾನು ಗಟ್ಟಿಯಾಗಲಿ ಎಂದು ಎರಡನೇ ಸಲ ಅದ್ದುತ್ತಿದ್ದೆ. ಜಾಸ್ತಿ ಕಾವಿಗೆ ಉಕ್ಕಿನ ಹದ ಹೋಗುತ್ತದೆ, ತಂತಿ ಪೆಡಸಾಗುತ್ತದೆ, ವರ್ಷಗಳ ಮೇಲೆ ಒಂದೊಂದೇ ಎಳೆ ಮುರಿಯುತ್ತದೆ. ಇದು ಗೊತ್ತಾಗಿದ್ದು ಎರಡು ವರ್ಷದ ನಂತರ. ಗೊತ್ತಾದ ತಕ್ಷಣ ನನ್ನ ಹೆಸರಿನಲ್ಲಿ ಹೋಗಿದ್ದ ಪ್ರತಿಯೊಂದು ಕೇಬಲನ್ನೂ ವಾಪಸ್ ತರಿಸಿ ಬದಲಾಯಿಸಿಕೊಟ್ಟೆ. ಜನ ಮೇಸ್ತ್ರಿ ಎಂದರೆ ಹೀಗಿರಬೇಕು ಎಂದರು.

ಕಂಪನಿ ಡಬ್ಬಿಯಲ್ಲಿ ಹೋದ ಆ ಮೂರನ್ನು ಮಾತ್ರ ಕರೆಯಲಿಲ್ಲ. ಕರೆದಿದ್ದರೆ, ಒರಿಜಿನಲ್ಲಿಗೆ ನಿನ್ನ ಬೆಸುಗೆ ಹೇಗೆ ಬಂತು ಎಂದು ಕೇಳುತ್ತಿದ್ದರು. ಸುಮ್ಮನಿದ್ದುಬಿಟ್ಟೆ. ಒಂಬತ್ತು ವರ್ಷ ಸುಮ್ಮನಿದ್ದೆ. ಆ ಮಗು ನೀರು ಕುಡಿಯಲು ಹೋಗದೆ ಇದ್ದಿದ್ದರೆ ಎಂದು ಯೋಚಿಸಿದರೆ ಸುತ್ತಿಗೆ ಎತ್ತಲು ಕೈ ಬರುವುದಿಲ್ಲ.

ಜುಲೈನಲ್ಲಿ ಆದದ್ದನ್ನು ಬರೆದ ನಿಮ್ಮ ಪತ್ರ ಬಂದಾಗ ನಮ್ಮ ಮನೆಯವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಆ ಯಜಮಾನ್ರು ಇನ್ನೂ ಬದುಕಿದ್ದಾರಲ್ಲ, ಬರೀರಿ" ಎಂದಳು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ಪತ್ರವನ್ನು ನಿಮ್ಮ ಅಣ್ಣನಿಗೆ, ಆ ಟೀಚರಿಗೆ, ಪೊಲೀಸರಿಗೆ, ಯಾರಿಗೆ ಬೇಕಾದರೂ ತೋರಿಸಿ. ಮುರಿದ ಕೇಬಲನ್ನು ಜೋಪಾನವಾಗಿ ಇಟ್ಟಿದ್ದೇನೆ, ಕೇಳಿದರೆ ಕಳಿಸುತ್ತೇನೆ. ಮಿಕ್ಕ ಇಬ್ಬರಿಗೂ ಇವತ್ತೇ ಬರೆದೆ. ಕ್ಷಮಿಸಿ ಎಂದು ಕೇಳುವ ಮುಖವಿಲ್ಲ.

ತಂತಿ ಮೇಸ್ತ್ರಿ


ಏಪ್ರಿಲ್ 15

ಅಮ್ಮಾ,

ನಿಮ್ಮಿಂದ ಉತ್ತರವಿಲ್ಲ. ನಿರೀಕ್ಷಿಸುವ ಹಕ್ಕೂ ನನಗಿಲ್ಲ, ಆದರೂ ಅಂಚೆಯವನು ಬರುವ ಹೊತ್ತಿಗೆ ಬಾಗಿಲಿಗೆ ಬರುತ್ತೇನೆ.

ಈ ಪಾರ್ಸೆಲ್‌ನಲ್ಲಿ ಮುರಿದ ಕೇಬಲ್ ಇದೆ, ಎಳೆ ನಿಂತಿರುವ ಜಾಗಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಕಂಪನಿಯ ಮಾದರಿ ಸೆಟ್ ಇದೆ, ಒಣ ಗ್ರೀಸ್ ತೊಳೆದು ಹೊಸದು ತುಂಬಿದ್ದೇನೆ. ನಾನು ಹೊಸದಾಗಿ ಮಾಡಿದ ಒಂದು ಸೆಟ್ ಕೂಡ ಇದೆ. ಅದನ್ನು ಯಾವ ಡಬ್ಬಿಗೂ ಹಾಕಿಲ್ಲ, ಕಾಗದದಲ್ಲಿ ಸುತ್ತಿ ನನ್ನ ಹೆಸರು ಬರೆದಿದ್ದೇನೆ. ಹಾಕಿಸಿಕೊಳ್ಳಿ ಎಂದು ಹೇಳುತ್ತಿಲ್ಲ. ಬೇಡವಾದರೆ ಬಿಸಾಡಿ.

ಮಿಕ್ಕ ಇಬ್ಬರಲ್ಲಿ ಒಬ್ಬರ ಕಾರು ಎಂದೋ ಗುಜರಿಗೆ ಹೋಗಿದೆಯಂತೆ. ಇನ್ನೊಬ್ಬರು ನಾಲ್ಕು ಪುಟ ಬೈದು ಕೇಬಲ್ ವಾಪಸ್ ಕಳಿಸಿದ್ದಾರೆ. ಅದರಲ್ಲಿ ಮೂರು ಎಳೆ ಹೋಗಿದ್ದವು. ಅವರು ಬೈದದ್ದನ್ನು ಪೂರ್ತಿ ಓದಿದೆ. ಬದುಕಿದ್ದು ಬೈಯುತ್ತಿದ್ದಾರಲ್ಲ ಎಂದು ಸಮಾಧಾನವಾಯಿತು.

ತಂತಿ ಮೇಸ್ತ್ರಿ


ಏಪ್ರಿಲ್ 26

ಮೇಸ್ತ್ರಿಗಳಿಗೆ ನಮಸ್ಕಾರಗಳು.

ತಡವಾದದ್ದಕ್ಕೆ ಸುಳ್ಳು ಕಾರಣ ಹೇಳುವುದಿಲ್ಲ, ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತದೆ. ನಿಮ್ಮ ಏಪ್ರಿಲ್ ಎರಡರ ಪತ್ರ ಓದಿ ಸಿಟ್ಟಿನಿಂದ ಕಣ್ಣು ಕತ್ತಲೆ ಬಂತು. ಅಂಗಡಿಗೆ ಬಂದಿದ್ದ ಒಬ್ಬರಿಗೆ ಓದುವ ಕನ್ನಡಕದ ಬದಲು ದೂರದ್ದು ಕೊಟ್ಟು ಕಳಿಸಿದೆ. ಆದರೆ ಸಿಟ್ಟು ಒಂದು ಮಧ್ಯಾಹ್ನವೂ ಉಳಿಯಲಿಲ್ಲ. ಅದರ ಹಿಂದೆಯೇ ಬಂದದ್ದು ನಾಚಿಕೆ. ಎರಡು ದಿನ ಪತ್ರವನ್ನು ಅಪ್ಪನಿಗೆ ಕೊಡದೆ, ಕಾರಿನ ಕೀಲಿ ಇದ್ದ ಡ್ರಾಯರಿನಲ್ಲೇ ಇಟ್ಟಿದ್ದೆ. ನೀವು ದೂರದಲ್ಲಿದ್ದೀರಿ, ಆ ಪತ್ರ ಓದುವ ಮನುಷ್ಯನ ಎದುರು ನಿಲ್ಲಬೇಕಾದವಳು ನಾನು.

ಕೊಟ್ಟೆ. ಅಪ್ಪ ಊಟದ ಮೇಜಿನ ಹತ್ತಿರ ನಿಂತೇ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. "ಎಳೆ ಮುರಿದಿತ್ತಂತೆ" ಎಂದರು.

"ಅಪ್ಪಾ, ನಾನು ನಿನ್ನ ಮಾತು ನಂಬಬೇಕಿತ್ತು" ಎಂದೆ.

"ಹೌದು, ನಂಬಬೇಕಿತ್ತು" ಎಂದರು. ಇರಲಿ ಬಿಡು ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ಅಳೋದು ಆಮೇಲೆ. ಮೊದ್ಲು ನಿಮ್ಮಣ್ಣನಿಗೆ ಫೋನ್ ಮಾಡು" ಎಂದರು.

ಅಣ್ಣನಿಗೆ ಪೂರ್ತಿ ಪತ್ರ ನಾನೇ ಓದಿ ಹೇಳಬೇಕಾಯಿತು. "ನಿಮ್ಮ ತಂದೆಯವರ ಕಾಲು ತಪ್ಪು ಮಾಡಿಲ್ಲ" ಎಂಬ ಸಾಲು ಬಂದಾಗ ಅಪ್ಪ ಪಕ್ಕದಿಂದ "ಲೈನು ಸರಿ ಇಲ್ಲ ಅನ್ಸುತ್ತೆ, ಇನ್ನೊಂದ್ಸಲ ಓದು" ಎಂದರು. ಲೈನು ಚೆನ್ನಾಗಿಯೇ ಇತ್ತು. ಓದಿ ಮುಗಿಸಿದ ಮೇಲೆ ಅಣ್ಣ "ಅಪ್ಪನ ಕೈಗೆ ಕೊಡು" ಎಂದ. ಅವರಿಬ್ಬರೂ ಏನು ಮಾತಾಡಿದರೋ, ನಾನು ಹಿತ್ತಿಲಿಗೆ ಹೋಗಿದ್ದೆ.

ಆಮೇಲಿನದು ಕೇಳಿ. ಅಪ್ಪ ನಿಮ್ಮ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀದಿಗೆ ಇಳಿದರು. ಮೊದಲು ಟೀಚರ ಮನೆ. ಟೀಚರ್ ಬಾಗಿಲಲ್ಲೇ ನಿಂತು ಓದಿದರು, ಆಮೇಲೆ ಒಳಗೆ ಕರೆದು ಕೂರಿಸಿದರು, ಆಮೇಲೆ ಮಗುವನ್ನು ಕರೆದು "ತಾತಂಗೆ ಸೈಕಲ್ ತೋರ್ಸು" ಎಂದರು. ಆ ಮಗು ಅಂಗಳದಲ್ಲಿ ಹದಿನಾಲ್ಕು ಸುತ್ತು ಹೊಡೆಯಿತಂತೆ, ಸರ್ವೇಯರು ಎಣಿಸಿಕೊಂಡು ಬಂದಿದ್ದಾರೆ. ಮುಂದೆ ಮೂಲೆಯ ಅಂಗಡಿ, ಮೆಕ್ಯಾನಿಕ್, ಬ್ಯಾಂಕಿನ ಕಾವಲುಗಾರ, ಎದುರಿಗೆ ಸಿಕ್ಕ ಅಂಚೆಯವನು. ಪತ್ರ ಮಡಿಕೆಯಲ್ಲಿ ಹರಿದಿದೆ. ಜುಲೈನಲ್ಲೇ ಅವರು ಟೇಪು ಹಿಡಿದು ರಸ್ತೆಯ ಮೇಲಿನ ಬ್ರೇಕ್ ಗುರುತನ್ನು ಅಳೆದಿದ್ದರಂತೆ, ಹದಿನೇಳು ಅಡಿ ಎಂದು ಡೈರಿಯಲ್ಲಿ ಬರೆದಿದ್ದಾರೆ. ಬ್ರೇಕ್ ತುಳಿಯದವನ ಕಾರು ಹದಿನೇಳು ಅಡಿ ಗುರುತು ಬಿಡುತ್ತದೆಯೇ? ಆ ಡೈರಿ ಇಷ್ಟು ದಿನ ನಮ್ಮ ಮನೆಯ ಮೇಜಿನ ಮೇಲೇ ಇತ್ತು. ನಾನು ತೆರೆದು ನೋಡಲಿಲ್ಲ.

ಮೇಸ್ತ್ರಿಗಳೇ, ನೀವು ಕ್ಷಮೆ ಕೇಳುವ ಮುಖವಿಲ್ಲ ಎಂದು ಬರೆದಿರಿ. ನೀವು ಆ ಕೇಬಲನ್ನು ಸದ್ದಿಲ್ಲದೆ ಬುಟ್ಟಿಗೆ ಹಾಕಿ, ಒರಿಜಿನಲ್ ಸೆಟ್ ಕಳಿಸಿ, ಕೈತೊಳೆದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾರು ಹೋಗುತ್ತಿತ್ತು. ಅಪ್ಪ ಇನ್ನೆಷ್ಟು ವರ್ಷ ಇರುತ್ತಾರೋ ಅಷ್ಟು ವರ್ಷವೂ, ಮಗುವಿನ ಮೇಲೆ ಕಾರು ಬಿಡಲು ಹೋಗಿದ್ದ ಮುದುಕ ಎನಿಸಿಕೊಂಡೇ ಇರುತ್ತಿದ್ದರು. ನಾನು ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡೇ ಇರುತ್ತಿದ್ದೆ. ನನಗೆ ಅಪ್ಪನನ್ನು ವಾಪಸ್ ಕೊಟ್ಟಿದ್ದೀರಿ. ಆ ಋಣ ದೊಡ್ಡದು.

ಒಯ್ಯುವವರಿಗೆ ಕಾರು ಕೊಡುವುದಿಲ್ಲ ಎಂದು ಹೇಳಿದೆ. ಅಪ್ಪನಿಗೂ ಎಲ್ಲ ಹೇಳಿದೆ, ಮಾರಲು ಹೊರಟಿದ್ದನ್ನೂ. "ಗೊತ್ತಿತ್ತು. ಒಬ್ರು ಬಂದು ಬಾನೆಟ್ ತಟ್ಟಿ ನೋಡಿದ್ರಲ್ಲ, ಬರೀ ಸರ್ವಿಸ್‌ಗೆ ಬಂದೋರು ಹಾಗೆ ತಟ್ಟಲ್ಲ" ಎಂದರು. ಕೀಲಿಯನ್ನು ಅವರ ಕೈಗೆ ಕೊಟ್ಟೆ.

ಪಾರ್ಸೆಲ್ ಬಂದ ದಿನ ಎರಡು ಸೆಟ್ಟನ್ನೂ ಮೇಜಿನ ಮೇಲೆ ಉದ್ದಕ್ಕೆ ಚಾಚಿ, ತೂಕದ ಕೊಕ್ಕೆ ಸಿಕ್ಕಿಸಿ, ಯಾವುದಕ್ಕೆ ಎಷ್ಟು ಎಳೆತ ಬೇಕೆಂದು ಬರೆದುಕೊಂಡರು. ನಿಮ್ಮದು ಸ್ವಲ್ಪ ಹಗುರ, ಕಂಪನಿಯದು ಸ್ವಲ್ಪ ಬಿಗಿ, ದೊಡ್ಡ ವ್ಯತ್ಯಾಸವೇನಿಲ್ಲ. ನಾನು ಕಂಪನಿಯದ್ದನ್ನೇ ಹಾಕಿಸೋಣ ಎಂದೆ. ಅಪ್ಪ ನಿಮ್ಮ ಕಾಗದದ ಪೊಟ್ಟಣವನ್ನು ಮೆಕ್ಯಾನಿಕ್ ಕಡೆಗೆ ತಳ್ಳಿದರು.

"ಯಾಕಪ್ಪಾ?" ಎಂದೆ.

"ಕಂಪನಿಯೋರು ಯಾರು ಅಂತ ನಂಗೊತ್ತಿಲ್ಲ. ಅವರ ತಪ್ಪು ಏನಿತ್ತೋ ಅವರು ಯಾರಿಗೂ ಬರೆದಿಲ್ಲ. ಈ ಮನುಷ್ಯನ ತಪ್ಪು ಏನು ಅಂತ ನಂಗೊತ್ತು. ಅದನ್ನ ಇನ್ನೊಂದ್ಸಲ ಮಾಡಲ್ಲ ಅಂತಾನೂ ಗೊತ್ತು" ಎಂದರು.

ನಿಮ್ಮ ನಾಲ್ಕೂ ಕೇಬಲ್ ಕಾರಿನಲ್ಲಿವೆ. ಕಂಪನಿ ಸೆಟ್ಟನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ, ನಿಮ್ಮ ಮಾದರಿಗೆ ಬೇಕಾಗುತ್ತದೆ. ನಿಮ್ಮ ಮನೆಯವರಿಗೆ ನನ್ನ ವಿಶೇಷ ನಮಸ್ಕಾರ ಹೇಳಿ. ಆ ಎರಡನೇ ತಾರೀಕಿನ ಪತ್ರದ ಇನ್ನೊಂದು ಪ್ರತಿ ಬರೆದು ಕಳಿಸಲಾಗುತ್ತದೆಯೇ? ಇದ್ದದ್ದು ಚೂರುಚೂರಾಗಿದೆ, ಅಪ್ಪ ಇನ್ನೂ ಅರ್ಧ ಊರಿಗೆ ಓದಿಸುವುದಿದೆಯಂತೆ. ಕೆಳಗೆ ಅವರೇ ನಾಲ್ಕು ಸಾಲು ಬರೆಯುತ್ತಾರಂತೆ.

ನಿಮ್ಮ ಋಣಿ,
ಕನ್ನಡಕದವಳು


ಮೇಸ್ತ್ರಿಗಳೇ,

ನೀವು ಮಾಡಿದ್ದು ತಪ್ಪೇ. ಅಲ್ಲ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಒಂದು ವಿಷಯ ನಿಮಗೆ ತಿಳಿದಿರಲಿ. ಇದನ್ನು ಮಗಳಿಗೂ ಹೇಳಿಲ್ಲ, ಲಕೋಟೆ ಅಂಟಿಸುವ ಮೊದಲು ಓದಿಕೊಳ್ಳುತ್ತಾಳೆ.

ಮನೆಯವರು ನಂಬದೆ ಇದ್ದದ್ದು ಮೊದಲೆರಡು ತಿಂಗಳ ನೋವು. ಆಮೇಲೆ ನಾನೇ ನನ್ನನ್ನು ನಂಬುವುದು ಬಿಟ್ಟೆ. ಎಲ್ಲರೂ ಹೇಳುತ್ತಿದ್ದಾರೆ, ತಪ್ಪು ತುಳಿದಿದ್ದರೂ ತುಳಿದಿರಬಹುದು ಎನ್ನಿಸತೊಡಗಿತು. ಮಧ್ಯಾಹ್ನ ಮಗಳು ಅಂಗಡಿಗೆ ಹೋದ ಮೇಲೆ, ಕುರ್ಚಿಯ ಮುಂದೆ ಎರಡು ಚಪ್ಪಲಿ ಇಟ್ಟುಕೊಂಡು, ಇದು ಬ್ರೇಕ್, ಇದು ಆ್ಯಕ್ಸಿಲರೇಟರ್ ಎಂದು ನನ್ನ ಕಾಲಿಗೆ ಪರೀಕ್ಷೆ ಇಡುತ್ತಿದ್ದೆ. ಅದು ಒಂದು ದಿನವೂ ತಪ್ಪಲಿಲ್ಲ. ಆದರೂ ಮಾರನೆಯ ದಿನ ಮತ್ತೆ ಇಡುತ್ತಿದ್ದೆ. ನಿಮ್ಮ ಪತ್ರ ಓದಿದ ದಿನ ಆ ಚಪ್ಪಲಿಗಳನ್ನು ಮೆಟ್ಟಿಕೊಂಡು ಬೀದಿಗೆ ಹೋದೆ. ನಿಮಗೆ ಕೃತಜ್ಞನಾಗಿದ್ದೇನೆ.

ನಾಳೆ ಬೆಳಿಗ್ಗೆ ಮಗಳನ್ನು ಕಾರಿನಲ್ಲಿ ಅಂಗಡಿಗೆ ಬಿಡುತ್ತಿದ್ದೇನೆ. ಮುಂದಿನ ಸೀಟಿನಲ್ಲೇ ಕೂರುತ್ತೇನೆ ಎಂದಿದ್ದಾಳೆ.